ಗಣಿ ಕಾರ್ಮಿಕರ ಆರೋಗ್ಯ ದಾಖಲೆಗಳ ಕೇಂದ್ರೀಕರಣ

ಕಲ್ಲುಧೂಳಿನಿಂದ ಉಂಟಾಗುವ ಸಿಲಿಕೋಸಿಸ್ ರೋಗವು ಕೆಲಸ ಬಿಟ್ಟ ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. 1940ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ತಪಾಸಣೆಗೊಳಗಾದ 7,653 ಕಾರ್ಮಿಕರ ಪೈಕಿ ಶೇ. 43.7ರಷ್ಟು ಮಂದಿಯಲ್ಲಿ ಇದು ಪತ್ತೆಯಾಗಿತ್ತು. ಅಲ್ಲಿ ಗಣಿಗಳು ಒಂದೆಡೆ ಇದ್ದವು. ಚಿತ್ರದುರ್ಗ ಜಿಲ್ಲೆಯ ಸ್ಥಿತಿ ಬೇರೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯ ಕಾರ್ಮಿಕನೊಬ್ಬನು ಕೆಲಕಾಲ ಕಬ್ಬಿಣದ ಅದಿರಿನ ಗಣಿಯಲ್ಲಿ, ಕೆಲಕಾಲ ಜಲ್ಲಿ ಕ್ರಷರ್‌ನಲ್ಲಿ ದುಡಿದಿದ್ದರೆ, ಆತನ ಎಕ್ಸ್-ರೇ ವರದಿಗಳು ಆಯಾ ಮಾಲೀಕರಲ್ಲಿಯೇ ಉಳಿಯುತ್ತವೆ. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಗುತ್ತಿಗೆಯೇ ರದ್ದಾದ ಮೇಲೆ ದಾಖಲೆಯನ್ನು ಯಾರಲ್ಲಿ ಕೇಳುವುದು? ರೋಗವು ಉದ್ಯೋಗದಿಂದಲೇ ಬಂದಿದೆಯೆಂದು ರುಜುವಾತಾಗದ ಹೊರತು ಪರಿಹಾರ ದೊರೆಯುವುದು ಕಷ್ಟ. ಆದುದರಿಂದ ಕೆಲಸಕ್ಕೆ ಸೇರುವಾಗಿನ ಮೊದಲ ಎಕ್ಸ್-ರೇಯಿಂದಲೇ ಎಲ್ಲ ವರದಿಗಳೂ ಕಾರ್ಮಿಕನ ಹೆಸರಿನಲ್ಲಿ ಸರ್ಕಾರದ ಒಂದೇ ಕಡತದಲ್ಲಿ ಸೇರುವುದು ಅವಶ್ಯವಾಗಿದೆ.