ಕಲೆ ಎಂಬ ಮಾತಿನ ಎರಡು ಅರ್ಥ

ಕನ್ನಡದಲ್ಲಿ ‘ಕಲೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಚಿತ್ರಕಲೆ, ಶಿಲ್ಪಕಲೆ ಎನ್ನುವಾಗ ಬರುವ ಕಲೆ. ಇನ್ನೊಂದು ಎಷ್ಟು ಒಗೆದರೂ ಬಟ್ಟೆಯಿಂದ ಹೋಗದ ಕಲೆ. ಈ ಎರಡು ಅರ್ಥಗಳೂ ಒಂದೇ ಕಡೆ ಕೂಡುವಂತಹ ಹವ್ಯಾಸವೊಂದಿದೆ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಯುದ್ಧ ಟ್ಯಾಂಕುಗಳ ಪುಟ್ಟ ಪ್ರತಿಕೃತಿಗಳನ್ನು ಜೋಡಿಸಿ, ಬಣ್ಣ ಬಳಿದು, ಅನಂತರ ಆ ಹೊಸ ಬಣ್ಣದ ಮೇಲೆ ಕೆಸರು, ಧೂಳು, ತುಕ್ಕು, ಎಣ್ಣೆಯ ಜಿಡ್ಡು ಇವುಗಳನ್ನೆಲ್ಲ ಕುಂಚದಿಂದ ಮೂಡಿಸುವ ಹವ್ಯಾಸ ಅದು.

ಕಟ್ಟೆಮಳಲವಾಡಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಹಲವು ವರ್ಷಗಳಿಂದ ಇದರಲ್ಲಿ ತೊಡಗಿದ್ದಾನೆ. ಈಗ ಅವನ ಹತ್ತು ವರ್ಷದ ಮಗನೂ ಕುಂಚ ಹಿಡಿದಿದ್ದಾನೆ. ಊರಿನಲ್ಲಿರುವ ಅವನ ತಾಯಿಗೆ ಇದು ಹಿಡಿಸಿಲ್ಲ. “ಮೇಷ್ಟ್ರೇ, ನೀವಾದ್ರೂ ಹೇಳಿ. ದುಡ್ಡು ಕೊಟ್ಟು ತಂದ ಹೊಸ ಸಾಮಾನಿಗೆ ಕೊಳೆ ಮೆತ್ತುತ್ತಾನೆ. ಅದೂ ಜನರನ್ನ ಸಾಯಿಸೋ ಗಾಡಿ. ಮಗೂಗೂ ಅದನ್ನೇ ಕಲಿಸ್ತಾ ಇದಾನೆ” ಎಂದು ಆಕೆ ನನ್ನಲ್ಲಿ ದೂರಿಕೊಂಡರು. ಈ ದೂರಿನಲ್ಲಿ ಎರಡು ಪ್ರಶ್ನೆಗಳಿವೆ: ಹೊಸದನ್ನು ಕೊಳೆ ಮಾಡುವುದೇಕೆ? ಯುದ್ಧದ ಯಂತ್ರವನ್ನು ಮಗುವಿನ ಕೈಗೆ ಕೊಡುವುದು ಸರಿಯೇ? ಎರಡೂ ಗಂಭೀರವಾದ ಪ್ರಶ್ನೆಗಳೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹವ್ಯಾಸ ಒಳ್ಳೆಯದು. ಆದರೆ ಅದಕ್ಕೊಂದು ನಿಯಮವಿರಬೇಕು. ಬಳಿದ ಪ್ರತಿಯೊಂದು ಕಲೆಗೂ ಒಂದು ಕಾರಣವಿರಬೇಕು, ಆ ಕಾರಣವನ್ನು ಬಳಿದವನು ಬಲ್ಲವನಾಗಿರಬೇಕು.

ಟ್ಯಾಂಕಿಗೂ ನಮ್ಮ ಹುಣಸೂರು ಸೀಮೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮೂರಿನಲ್ಲಿ ಟ್ಯಾಂಕು ಎಂದರೆ ಇಂದಿಗೂ ನೀರಿನ ಟ್ಯಾಂಕೇ. ಬ್ರಿಟಿಷರ ಕಾಲದ ಮೈಸೂರು ದಾಖಲೆಗಳಲ್ಲಂತೂ ಕೆರೆಗಳನ್ನೇ ಟ್ಯಾಂಕ್ ಎಂದು ಕರೆದಿದ್ದಾರೆ. ಯುದ್ಧದ ಯಂತ್ರಕ್ಕೆ ಈ ಹೆಸರು ಬಂದದ್ದೂ ನೀರಿನಿಂದಲೇ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಗುಟ್ಟಾಗಿ ತಯಾರಿಸುವಾಗ, ನೀರು ಸಾಗಿಸುವ ತೊಟ್ಟಿ ಎಂದು ಹೊರಗಿನವರು ತಿಳಿಯಲೆಂದು ಆ ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಾಗ ಗುಟ್ಟು ಹೋಯಿತು, ಹೆಸರು ಉಳಿಯಿತು. ಲಕ್ಷ್ಮಣತೀರ್ಥದ ಅಣೆಕಟ್ಟೆಯನ್ನು ಹೆಸರಿನಲ್ಲೇ ಹೊತ್ತ ಊರಿನವರಾದ ನಮಗೆ ಈ ಸಂಗತಿ ಹಿತವಾಗಬೇಕು.

ಇನ್ನೂ ಹತ್ತಿರದ ಸಂಬಂಧಗಳಿವೆ. ನಮ್ಮ ಪಕ್ಕದ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಮೇಜರ್ ಜನರಲ್ ಆಗಿದ್ದಾಗ, 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ನುಗ್ಗಿಸಿ, ಲಡಾಖಿನ ದಾರಿಯನ್ನು ತೆರೆಸಿದರು. ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದ ಆ ಹಿಮದ ದಾರಿಯಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿಗಳು ಎಣಿಸಿರಲೇ ಇಲ್ಲ. ಮೈಸೂರಿನ ಬಿಇಎಂಎಲ್ ಕಾರ್ಖಾನೆಯ ಎಂಜಿನ್ ವಿಭಾಗದಲ್ಲಿ 2024ರ ಮಾರ್ಚ್ 20ರಂದು, ಟ್ಯಾಂಕುಗಳಿಗಾಗಿ ನಮ್ಮ ದೇಶದಲ್ಲೇ ರೂಪಿಸಿದ 1500 ಅಶ್ವಶಕ್ತಿಯ ಎಂಜಿನ್ನಿನ ಮೊದಲ ಪರೀಕ್ಷೆ ನಡೆಯಿತು. ಆದ್ದರಿಂದ ಇದು ಯಾರದೋ ದೇಶದ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಈಗ ಹವ್ಯಾಸದ ವಿಚಾರಕ್ಕೆ ಬರೋಣ. ಈ ಪ್ರತಿಕೃತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1:35. ಅಂದರೆ ನಿಜವಾದ ಟ್ಯಾಂಕಿನ ಮೂವತ್ತೈದು ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಇದು ಗಣಿತದ ಲೆಕ್ಕದಿಂದ ಹುಟ್ಟಿದ ಪ್ರಮಾಣವಲ್ಲ. ಜಪಾನಿನ ತಮಿಯಾ ಕಂಪನಿಯವರು 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ರತಿಕೃತಿ ಮಾಡಿದಾಗ, ಒಳಗೆ ಪುಟ್ಟ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸಬೇಕಾಗಿತ್ತು. ಅವು ಹಿಡಿಸಿದ ಅಳತೆ 1:35 ಆಯಿತು. ಮುಂದೆ ಲೋಕವೆಲ್ಲ ಅದನ್ನೇ ಅನುಸರಿಸಿತು.

ಎಂಟನೆಯ ತರಗತಿಯಲ್ಲಿ ನಾನು ಅನುಪಾತ ಕಲಿಸುವಾಗ ಇಂತಹದೊಂದು ವಸ್ತು ಕೈಯಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಟಿ-55 ಟ್ಯಾಂಕಿನ ಒಡಲು, ಫಿರಂಗಿಯ ನಳಿಕೆಯನ್ನು ಬಿಟ್ಟು, ಸುಮಾರು ಆರೂವರೆ ಮೀಟರ್ ಉದ್ದ. ಪ್ರತಿಕೃತಿಯಲ್ಲಿ ಅದು ಹದಿನೆಂಟು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಅದರ ತೂಕ 36 ಟನ್. ಹಾಗಾದರೆ ಅದೇ ಉಕ್ಕಿನಿಂದ ಮಾಡಿದ ಪ್ರತಿಕೃತಿಯ ತೂಕವೆಷ್ಟು? ಮೂವತ್ತೈದರಿಂದ ಭಾಗಿಸಿದರೆ ಒಂದು ಟನ್ನಿಗೂ ಹೆಚ್ಚು ಬರುತ್ತದೆ. ಆದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗಿರುವುದರಿಂದ ಮೂವತ್ತೈದರ ಘನದಿಂದ ಭಾಗಿಸಬೇಕು. ಆಗ ಬರುವ ಉತ್ತರ ಸುಮಾರು 840 ಗ್ರಾಂ.

ಈ ಲೆಕ್ಕ ಬಣ್ಣಕ್ಕೂ ಅನ್ವಯಿಸುತ್ತದೆ. ಬಣ್ಣ ಕಿತ್ತುಹೋದ ಗುರುತು ಒಂದು ಮಿಲಿಮೀಟರ್ ಅಗಲವಾದರೆ, ನಿಜದಲ್ಲಿ ಅದು ಮೂರೂವರೆ ಸೆಂಟಿಮೀಟರ್ ಅಗಲದ ಗಾಯ. ಊರಿನ ಹೊಳೆಯ ಮರಳನ್ನೇ ತಂದು ಅಂಟಿಸಿದರೆ, ಅರ್ಧ ಮಿಲಿಮೀಟರಿನ ಕಣ ಅಲ್ಲಿ ನೆಲ್ಲಿಕಾಯಿ ಗಾತ್ರದ ಕಲ್ಲಾಗುತ್ತದೆ. ಆದ್ದರಿಂದಲೇ ಮಣ್ಣನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ, ಇಲ್ಲವೇ ಬಣ್ಣದ ಸೀಮೆಸುಣ್ಣವನ್ನು ನುಣ್ಣಗೆ ಅರೆದು ಧೂಳಾಗಿ ಬಳಸುತ್ತಾರೆ. ಬಾಳೆಲ್ಲ ಸೀಮೆಸುಣ್ಣದ ಧೂಳು ಕುಡಿದ ನನಗೆ ಈ ವಿಷಯ ಕೇಳಿ ಸಂತೋಷವಾಯಿತು. ಇನ್ನೊಂದು ಸೂಕ್ಷ್ಮವೂ ಇದೆ. ಹುಣಸೂರಿನಿಂದ ಪಶ್ಚಿಮಕ್ಕೆ ಹೋಗುವಾಗ ದೂರದ ಕೊಡಗಿನ ಬೆಟ್ಟಗಳ ಹಸಿರು ನಮಗೆ ಹಸಿರಾಗಿ ಕಾಣದೆ ಮಸುಕು ನೀಲಿಯಾಗಿ ಕಾಣುತ್ತದಲ್ಲವೇ? ಪುಟ್ಟ ಪ್ರತಿಕೃತಿಯನ್ನು ನೋಡುವುದೆಂದರೆ ದೊಡ್ಡ ವಸ್ತುವನ್ನು ದೂರದಿಂದ ನೋಡಿದಂತೆ. ಆದ್ದರಿಂದ ಮೂಲದ ಬಣ್ಣವನ್ನೇ ಬಳಿಯದೆ, ತುಸು ತಿಳಿಯಾಗಿಸಿ ಬಳಿಯುತ್ತಾರೆ.

ಹಳೆಯದಾಗಿಸುವ ಕ್ರಮವೂ ಸ್ವಾರಸ್ಯವಾದುದು. ಕಂದುಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಿನಷ್ಟು ತೆಳ್ಳಗೆ ಕದಡಿ ಸಂದುಗಳಿಗೆ ಮುಟ್ಟಿಸಿದರೆ, ಅದು ತಾನಾಗಿಯೇ ಗೆರೆಗಳಲ್ಲಿ ಹರಿದು ನಿಲ್ಲುತ್ತದೆ. ಲೋಮನಾಳದ ಕ್ರಿಯೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಒಣಬಣ್ಣವನ್ನು ಏಣುಗಳ ಮೇಲೆ ಸವರಿದರೆ ಸವೆದ ಅಂಚುಗಳು ಎದ್ದುಕಾಣುತ್ತವೆ. ಮೊದಲು ತುಕ್ಕಿನ ಬಣ್ಣ ಬಳಿದು, ಅದರ ಮೇಲೆ ಹೆಂಗಸರು ತಲೆಗೂದಲಿಗೆ ಹಾಕುವ ಹೇರ್ ಸ್ಪ್ರೇ ಸಿಂಪಡಿಸಿ, ಮೇಲೆ ಹಸಿರು ಬಳಿದು, ಕೊನೆಗೆ ನೀರು ತಾಗಿಸಿ ಉಜ್ಜಿದರೆ ಹಸಿರು ಹಕ್ಕಳೆ ಎದ್ದು ಕೆಳಗಿನ ತುಕ್ಕು ಇಣುಕುತ್ತದೆ.

ಆದರೆ ಎಲ್ಲಿ ಉಜ್ಜಬೇಕು ಎಂಬುದೇ ಮುಖ್ಯ ಪ್ರಶ್ನೆ. ಇಲ್ಲಿ ನಮ್ಮ ಊರಿನ ಮಕ್ಕಳು ಬೆಂಗಳೂರಿನವರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ ಎಂದು ನನ್ನ ನಂಬಿಕೆ. ಏಕೆಂದರೆ ಅವರು ದಿನವೂ ಟ್ರಾಕ್ಟರನ್ನು ನೋಡುತ್ತಾರೆ. ಹತ್ತುವ ಮೆಟ್ಟಿಲಿನ ಮೇಲೆ ಕಾಲು ತಾಗಿ ತಾಗಿ ಬಣ್ಣ ಹೋಗಿರುತ್ತದೆ. ಡೀಸೆಲ್ ಹಾಕುವ ಮುಚ್ಚಳದ ಸುತ್ತ ಜಿಡ್ಡು ಕಟ್ಟಿ ಅದರ ಮೇಲೆ ಧೂಳು ಕೂತಿರುತ್ತದೆ. ಹಸಿ ಕೆಸರು ಕಪ್ಪಗೆ, ಒಣಗಿದ ಕೆಸರು ಬಿಳಿಚಿಕೊಂಡಿರುತ್ತದೆ. ಟ್ಯಾಂಕಿನದೂ ಇದೇ ಕಥೆ. ಅದರ ಸರಪಳಿಯಲ್ಲಿ ನೆಲಕ್ಕೆ ತಾಗುವ ಭಾಗ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತದೆ, ಒಳಮೂಲೆಗಳು ಮಾತ್ರ ತುಕ್ಕು ಹಿಡಿಯುತ್ತವೆ. ಟಿ-55ರ ಹೊಗೆ ಕೊಳವೆ ಎಡಮಗ್ಗುಲಿನ ಹಿಂಭಾಗದಲ್ಲಿರುವುದರಿಂದ ಮಸಿ ಕಟ್ಟುವುದು ಅಲ್ಲಿಯೇ. ಬಲಕ್ಕೆ ಮಸಿ ಬಳಿದವನು ಟ್ಯಾಂಕನ್ನು ನೋಡಿಲ್ಲವೆಂದೇ ಅರ್ಥ. ಸೇವೆಯಲ್ಲಿರುವ ಟ್ಯಾಂಕನ್ನು ಸಿಬ್ಬಂದಿ ನಿತ್ಯವೂ ಒರೆಸಿ ಎಣ್ಣೆ ಹಾಕಿ ನೋಡಿಕೊಳ್ಳುತ್ತಾರೆ. ಅಂತಹದರ ಮೈತುಂಬ ಕಿತ್ತಳೆ ಬಣ್ಣದ ತುಕ್ಕು ಸುರಿದರೆ ಅದು ಆ ಸೈನಿಕರ ದುಡಿಮೆಗೆ ಮಾಡಿದ ಅವಮಾನ.

ಇನ್ನು ಮೊದಲ ಪ್ರಶ್ನೆ: ಹೊಸದನ್ನು ಕೊಳೆ ಮಾಡುವುದೇಕೆ? ನಮ್ಮ ಸಂಪ್ರದಾಯದಲ್ಲಿ ಆಯುಧಪೂಜೆಯಿದೆ. ಅಂದು ನೇಗಿಲು, ಕುಡುಗೋಲು, ಟ್ರಾಕ್ಟರುಗಳನ್ನೆಲ್ಲ ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಗಾಲಿಗೆ ನಿಂಬೆಹಣ್ಣು ಇಡುತ್ತೇವೆ. ವರ್ಷದಲ್ಲಿ ಆ ಒಂದು ದಿನ ಯಂತ್ರ ಕೊಳೆಯಿಲ್ಲದೆ ನಿಲ್ಲುತ್ತದೆ. ಉಳಿದ ದಿನಗಳೆಲ್ಲ ಅದು ದುಡಿಯುತ್ತದೆ. ಅಂಗಡಿಯ ಗಾಜಿನ ಹಿಂದೆ ಮಿರಮಿರ ಮಿಂಚುವ ಆಟದ ಟ್ಯಾಂಕು ಆಯುಧಪೂಜೆಯ ಟ್ಯಾಂಕು. ಅದನ್ನು ಹಿಡಿದ ಮಗು, ಯುದ್ಧವೆಂದರೆ ತೊಳೆದಿಟ್ಟ ವಸ್ತುವೆಂದೇ ತಿಳಿಯುತ್ತದೆ. ಕೆಸರು ಬಳಿಯಲು ಕುಳಿತ ಮಗುವಾದರೋ ಈ ಕೆಸರು ಯಾವ ಊರಿನದು ಎಂದು ಕೇಳಲೇಬೇಕಾಗುತ್ತದೆ.

ಆ ಪ್ರಶ್ನೆಯೇ ಇತಿಹಾಸ ಮತ್ತು ಭೂಗೋಳದ ಪಾಠದ ಆರಂಭ. ಜೋಜಿಲಾದ ಸ್ಟುವರ್ಟ್ ಟ್ಯಾಂಕಿಗೆ ಹಿಮ ಬೇಕು. ಜೊತೆಗೆ, ದಾರಿಯ ದುರ್ಬಲ ಸೇತುವೆಗಳನ್ನು ದಾಟಿಸಲೆಂದು ಅವುಗಳ ಫಿರಂಗಿ ಗೋಪುರಗಳನ್ನು ಕಳಚಿ ಸಾಗಿಸಿದರು ಎಂಬುದೂ ತಿಳಿದಿರಬೇಕು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಕಬ್ಬಿನ ಹೊಲಗಳಿಗೆ ನೀರು ಹರಿಸಿದ್ದರಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಹೂತುಹೋದವು. ಅವುಗಳಿಗೆ ಬಳಿಯಬೇಕಾದದ್ದು ಮೆಕ್ಕಲು ಮಣ್ಣಿನ ಹಸಿ ಕೆಸರು. 1971ರ ಲೋಂಗೇವಾಲಾಕ್ಕೆ ಥಾರ್ ಮರುಭೂಮಿಯ ಒಣ ಮರಳು. ಇವುಗಳಲ್ಲಿ ಯಾವುದಕ್ಕೂ ನಮ್ಮ ಹುಣಸೂರಿನ ಕೆಮ್ಮಣ್ಣು ಒಪ್ಪುವುದಿಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದುದು. ಇದರಿಂದ ಮಗುವಿನ ಮನಸ್ಸಿನಲ್ಲಿ ಯುದ್ಧದ ಮೇಲೆ ಮೋಹ ಬೆಳೆಯುವುದಿಲ್ಲವೇ? ಬೆಳೆಯಲೂಬಹುದು. ಈ ಹವ್ಯಾಸಿಗಳಲ್ಲಿ ಅನೇಕರು ಬಹಳ ಇಷ್ಟಪಟ್ಟು ಬಳಿಯುವುದು ಸುಟ್ಟ ಟ್ಯಾಂಕನ್ನು. ಕಾರಣವೇನೆಂದರೆ, ಬಣ್ಣಗಳು ಅಲ್ಲಿರುವಷ್ಟು ಬೇರೆಲ್ಲೂ ಸಿಗವು: ಬೂದಿಯ ಬಿಳುಪು, ಬೆಂದ ಉಕ್ಕಿನ ಕೆಂಪು, ಮಸಿಯ ಕಪ್ಪು. ನೋಡಲು ಸೊಗಸು. ಇಲ್ಲಿಯೇ ನಾನು ಗೆರೆ ಎಳೆಯುತ್ತೇನೆ. ಕೆಸರಿಗೆ ಕಾರಣ ಮಳೆ; ಮಸಿಗೆ ಕಾರಣ ಎಂಜಿನ್ನು; ಸುಟ್ಟ ಕಲೆಗೆ ಕಾರಣ ಒಳಗಿದ್ದ ಮನುಷ್ಯರ ಮೇಲೆ ಬಿದ್ದ ಬೆಂಕಿ.

1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್, ತನ್ನ ಸೆಂಚುರಿಯನ್ ಟ್ಯಾಂಕಿಗೆ ಬೆಂಕಿ ಹತ್ತಿದ ಮೇಲೂ ಇಳಿಯಲು ಒಪ್ಪದೆ ಕಾದಾಡಿ ಮಡಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಆ ಟ್ಯಾಂಕಿನ ಹೆಸರು ‘ಫಮಗುಸ್ತಾ’. ಅದರ ಪ್ರತಿಕೃತಿ ಮಾಡುವವನು ಸುಟ್ಟ ಕಲೆಯನ್ನು ಬಳಿಯಲಿ. ಆದರೆ ಆ ಹೆಸರನ್ನೂ ಆ ವಯಸ್ಸನ್ನೂ ತಿಳಿದು ಬಳಿಯಲಿ. ಅಸಲ್ ಉತ್ತರ್‌ನಲ್ಲಿ ಉರಿದ ಪ್ಯಾಟನ್‌ಗಳ ಒಳಗೂ ಯಾರೋ ತಾಯಂದಿರ ಮಕ್ಕಳಿದ್ದರು ಎಂಬುದನ್ನೂ ತಿಳಿದಿರಲಿ. ಇಷ್ಟು ತಿಳಿದ ಮಗುವಿಗೆ ಯುದ್ಧದ ಮೇಲೆ ಮೋಹ ಹುಟ್ಟುವುದು ಸುಲಭವಲ್ಲ. ಏನೂ ತಿಳಿಯದೆ ಬರಿಯ ಅಂದಕ್ಕಾಗಿ ಬಳಿದರೆ ಅದು ಅನ್ಯರ ಚಿತೆಯಲ್ಲಿ ಬಣ್ಣ ಹುಡುಕಿದಂತೆ. ಇದನ್ನು ನಾನು ಒಪ್ಪಲಾರೆ.

ಇದೇ ಮಾತನ್ನು ನಿಜವಾದ ಟ್ಯಾಂಕುಗಳ ವಿಷಯದಲ್ಲೂ ಹೇಳಬೇಕಾಗಿದೆ. ದೇಶದ ಅನೇಕ ಊರುಗಳಲ್ಲಿ ಸೇವೆ ಮುಗಿಸಿದ ಟ್ಯಾಂಕುಗಳನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಸ್ಮಾರಕ ಭವನವಾಗಿ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ಉದ್ಘಾಟನೆಗೊಂಡಿತು. ಅಲ್ಲಿಯೂ ಒಂದು ಟಿ-55 ಟ್ಯಾಂಕು ನಿಂತಿದೆ. ಹುಣಸೂರಿನಿಂದ ಬೆಳಿಗ್ಗೆ ಹೊರಟರೆ ನೋಡಿಕೊಂಡು ಸಂಜೆಗೆ ಹಿಂದಿರುಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಬೇರೆ ಕಡೆಗಳಲ್ಲಿ ನಾನು ಕಂಡ ಕೆಲವು ಟ್ಯಾಂಕುಗಳಿಗೆ ಮಾತ್ರ ಗೇಟಿಗೆ ಬಳಿಯುವ ಹೊಳಪಿನ ಪೇಂಟನ್ನು ಪದರದ ಮೇಲೆ ಪದರವಾಗಿ ಬಳಿದು, ಉಕ್ಕಿನ ಮೇಲಿನ ಸಣ್ಣ ಗುರುತುಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ಮಳೆಗಾಲದಿಂದ ಕಾಪಾಡಲು ಬಣ್ಣ ಬೇಕು, ನಿಜ. ಆದರೆ ಹೊಳಪಿಲ್ಲದ ಬಣ್ಣವನ್ನು ತೆಳುವಾಗಿ ಬಳಿಯಬಹುದು. ಪಕ್ಕದಲ್ಲಿ ಒಂದು ಕನ್ನಡ ಫಲಕವನ್ನಿಟ್ಟು, ಈ ಯಂತ್ರ ಎಲ್ಲಿ ದುಡಿಯಿತು, ಯಾವ ಗುರುತು ಹೇಗೆ ಆಯಿತು ಎಂದು ಬರೆಯಬಹುದು. ಸ್ಮಾರಕವೆಂದರೆ ನೆನಪು, ಗುರುತು ಅಳಿಸಿದ ಮೇಲೆ ಉಳಿಯುವುದು ಬರಿಯ ಕಬ್ಬಿಣ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮಕ್ಕಳ ತಂದೆತಾಯಂದಿರು, ಕೆಲವರು ಉಪಾಧ್ಯಾಯರೂ ಆಗಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಮಗು ಇಂತಹ ಪ್ರತಿಕೃತಿಯನ್ನು ಕೇಳಿದರೆ ಒಡನೆಯೇ ಬೇಡವೆನ್ನಬೇಡಿ. ಹೊರದೇಶದ ಪೆಟ್ಟಿಗೆಗಳು ದುಬಾರಿ. ಆದ್ದರಿಂದ ವರ್ಷಕ್ಕೆ ಒಂದು ಸಾಕು. ಒಂದನ್ನೇ ಆರು ತಿಂಗಳು ಮಾಡಲಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ, ಹಿರಿಯರೊಬ್ಬರು ಹತ್ತಿರವಿರಲಿ. ಕೆಲಸ ಮುಗಿದ ಮೇಲೆ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಒಂದೊಂದು ಕಲೆಯ ಮೇಲೂ ಬೆರಳಿಟ್ಟು, ಇದು ಹೇಗಾಯಿತು ಎಂದು ಕೇಳಿ. ಉತ್ತರ ಗೊತ್ತಿಲ್ಲದ ಕಲೆಯಿದ್ದರೆ ಅದನ್ನು ಅಳಿಸಿ, ಓದಿ ತಿಳಿದುಕೊಂಡು ಮತ್ತೆ ಬಳಿಯಲಿ.