ಅಣ್ಣನ ಟ್ರ್ಯಾಕ್ಟರಿಗೆ ರೇಡಿಯೊ ಕೊಡಿಸ್ತೀರಾ?

ಪಂಚಮಿಗೆ ತವರಿಗೆ ಹೋದಾಗ ಅಣ್ಣ ಸೀರೆ ಕೊಡಿಸಿದ, ವೈನಿ ಡಬ್ಬಿ ತುಂಬಾ ಉಂಡಿ ಕಟ್ಟಿ ಕಳಿಸಿದರು. ಈಗ ಖಂಡೆ ಪೂಜೆ ಹತ್ತಿರ ಬಂತು, ನಾವೂ ಏನಾದರೂ ಕೊಡಬೇಕಲ್ಲ ಎಂಬ ಯೋಚನೆ ನಿಮಗೂ ಶುರುವಾಗಿರಬಹುದು. ಅಂಗಿ ಬಟ್ಟೆ ಕೊಟ್ಟರೆ ಟ್ರಂಕಿನಲ್ಲೇ ಉಳಿಯುತ್ತೆ. ವಾಚು ಕಟ್ಟೋ ರೂಢಿ ಅವನಿಗಿಲ್ಲ. ಹಾಗಾದರೆ ದಿನದ ಅರ್ಧ ಆಯುಷ್ಯ ಕಳೆಯುವ ಟ್ರ್ಯಾಕ್ಟರಿಗೇ ಒಂದು ರೇಡಿಯೊ ಕೂರಿಸಿಕೊಟ್ಟರೆ ಹೇಗೆ?

ಒಳ್ಳೆಯ ಉಡುಗೊರೆಯೇ. ಆದರೆ ಮಿಕ್ಸರ್ ಕೊಂಡ ಹಾಗೆ ಅಂಗಡಿಗೆ ಹೋಗಿ ಡಬ್ಬಿ ಹಿಡಿದುಕೊಂಡು ಬರುವ ವಸ್ತು ಇದಲ್ಲ. ಆಶ್ಚರ್ಯ ಮಾಡಿಸೋಣ ಅಂತ ಗುಟ್ಟಾಗಿ ತರಲೂಬೇಡಿ. ಮೊದಲು ಫೋನ್ ಮಾಡಿ ಎರಡು ಮಾತು ಕೇಳಿ. ಟ್ರ್ಯಾಕ್ಟರ್ ಯಾವ ಕೆಲಸಕ್ಕೆ ಹೋಗುತ್ತೆ? ಅದರ ಮೇಲೆ ಕೂರೋರು ಯಾರು?

ಎರಡನೇ ಪ್ರಶ್ನೆ ನಾವು ಮರೆಯುವಂಥದ್ದು. ಟ್ರ್ಯಾಕ್ಟರ್ ಅಣ್ಣನ ಹೆಸರಿನಲ್ಲಿದ್ದರೂ ಎಷ್ಟೋ ಮನೆಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಅದನ್ನು ಓಡಿಸುವವನು ಸಂಬಳದ ಚಾಲಕ. ನೀವು ಕೊಡುವ ರೇಡಿಯೊ ನಿಜವಾಗಿ ಅವನ ಕಿವಿಗೆ. ಅವನಿಗೆ ಏನು ಬೇಕು ಅಂತ ಒಂದು ಮಾತು ಕೇಳಿದರೆ ನಿಮ್ಮ ದೊಡ್ಡಸ್ತಿಕೆ ಕಡಿಮೆಯಾಗುವುದಿಲ್ಲ.

ಮೊದಲ ಪ್ರಶ್ನೆಗೆ ತಿಕೋಟಾದಲ್ಲಿ ಒಂದು ಉತ್ತರ ಬಂದರೆ, ಬಬಲೇಶ್ವರದಲ್ಲಿ ಇನ್ನೊಂದು ಬರಬಹುದು. ತಿಕೋಟಾ ಕಡೆ ದ್ರಾಕ್ಷಿ ಪಡ ಹೆಚ್ಚು. ಸಾಲುಗಳ ನಡುವೆ ನುಗ್ಗುವುದು ಸಣ್ಣ ಟ್ರ್ಯಾಕ್ಟರ್, ಅದಕ್ಕೆ ಮೇಲೆ ಟಾಪ್ ಇರುವುದಿಲ್ಲ. ಹಿಂದೆ ಬ್ಲೋವರ್ ಕಟ್ಟಿ ಔಷಧ ಹೊಡೆದರೆ ಮಂಜಿನಂತೆ ಎದ್ದ ಹನಿ ಟ್ರ್ಯಾಕ್ಟರಿನ ಮೇಲೆಲ್ಲ ಕೂರುತ್ತೆ. ಅಂಥ ಕಡೆ ಕಾರಿನ ಸೆಟ್ ಬಿಗಿದರೆ ಒಂದು ಹಂಗಾಮೂ ಬಾಳಿಕೆ ಬರುವುದು ಕಷ್ಟ. ಎತ್ತರದ ಏರಿಯಲ್ ಇದ್ದರೆ ಚಪ್ಪರದ ತಂತಿಗೆ ಸಿಕ್ಕಿ ಮುರಿಯುತ್ತೆ. ನನ್ನ ಕೇಳಿದರೆ ಪಡದ ಟ್ರ್ಯಾಕ್ಟರಿಗೆ ಏನನ್ನೂ ಕೂರಿಸಲೇಬೇಡಿ. ಎಫ್‌ಎಂ ಇರುವ, ಬ್ಯಾಟರಿ ಚಾರ್ಜಿನ, ನೀರು-ಧೂಳು ತಡೆಯುವ ಗಟ್ಟಿ ಸ್ಪೀಕರ್ ಒಂದು ಕೊಡಿಸಿ. ಡಬ್ಬಿಯ ಮೇಲೆ ಐಪಿ 65 ಅಂತ ಇದೆಯಾ ನೋಡಿ. 6 ಅಂದರೆ ಧೂಳು ಒಳಗೆ ಹೋಗದು, 5 ಅಂದರೆ ನೀರು ಚಿಮ್ಮಿದರೂ ತಡೆದುಕೊಳ್ಳುತ್ತೆ. ಬೆಲ್ಟಿನಿಂದ ಬಿಗಿದರಾಯಿತು, ಔಷಧ ಹೊಡೆಯುವ ದಿನ ಬಿಚ್ಚಿ ಮನೆಯಲ್ಲಿಡಬಹುದು.

ಬಬಲೇಶ್ವರ ಕಡೆ ಕಬ್ಬು ಹೇರುವ ಟ್ರ್ಯಾಕ್ಟರ್ ಬೇರೆ. ಅದು ದೊಡ್ಡದು, ಟಾಪ್ ಇರುತ್ತೆ, ರಾತ್ರಿಯೆಲ್ಲ ಕಾರ್ಖಾನೆ ಮುಂದೆ ಪಾಳಿ ಕಾಯುತ್ತೆ. ಅದಕ್ಕೆ ಕಾರಿನ ಸೆಟ್ ಸರಿಹೋಗುತ್ತೆ, ಎರಡೂ 12 ವೋಲ್ಟಿನ ಬ್ಯಾಟರಿಯವೇ. ಸೆಟ್ಟಿನ ಮುಖ ಸುಮಾರು 18 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ. ಅಷ್ಟು ಜಾಗ ಎಲ್ಲಿದೆ ಅಂತ ಅಳತೆ ತರಿಸಿಕೊಳ್ಳಿ. ಟಾಪಿನ ಕೆಳಗೆ ತಗಡಿನ ಪೆಟ್ಟಿಗೆ ಮಾಡಿಸಿ ಕೂರಿಸುವುದು ಒಳ್ಳೆಯದು. ಸ್ಟಿಯರಿಂಗ್ ಮುಂದೆ ಇಟ್ಟರೆ ಆಯಿಲ್ ದೀಪ, ಬಿಸಿ ತೋರಿಸುವ ಮುಳ್ಳು ಮರೆಯಾಗುತ್ತವೆ.

ಅಂಗಡಿಯಲ್ಲಿ ಬಣ್ಣದ ಪರದೆ, ವಿಡಿಯೊ ಎಲ್ಲಾ ತೋರಿಸುತ್ತಾರೆ. ಬೇಡ. ಮಣ್ಣಿನ ಕೈಯಲ್ಲಿ ತಿರುಗಿಸಲು ದೊಡ್ಡ ಗುಂಡಿ ಇರಲಿ, ಪೆನ್ ಡ್ರೈವ್ ಹಾಕುವ ಕಿಂಡಿ ಇರಲಿ. ಸಿಡಿಯದ್ದು ಬೇಡವೇ ಬೇಡ, ಹೊಲದ ಹೆಂಟೆಗೆ ಹಾಡು ಹಾರಿಹಾರಿ ಬೀಳುತ್ತೆ. ಮುಂದಿನ ಮುಖ ಬಿಚ್ಚಿ ಮನೆಗೆ ಒಯ್ಯುವಂಥದ್ದು ಸಿಕ್ಕರೆ ಕಳ್ಳರ ಕಾಟ ಕಡಿಮೆ. ಇನ್ನೊಂದು ಮಾತು, ಈಗಿನ ಅಗ್ಗದ ಸೆಟ್‌ಗಳಲ್ಲಿ ಎಷ್ಟೋ ಎಫ್‌ಎಂ ಮಾತ್ರ ಹಿಡಿಯುತ್ತವೆ. ವಿಜಯಪುರ ಆಕಾಶವಾಣಿಗೆ ಅದು ಸಾಕು. ಆದರೆ ಮನೆಯಲ್ಲಿ ಅಪ್ಪಾಜಿ 1950ರಲ್ಲಿ ಶುರುವಾದ ಧಾರವಾಡ ಕೇಂದ್ರವನ್ನು 765ರ ಮುಳ್ಳಿನಲ್ಲಿ ಕೇಳುತ್ತಾ ಬೆಳೆದವರಾದರೆ, ಮೀಡಿಯಂ ವೇವ್ ಇದೆಯಾ ಅಂತ ಕೇಳಿಯೇ ತಗೊಳ್ಳಿ. ದುಡ್ಡೆಲ್ಲ ಸೆಟ್ಟಿಗೇ ಸುರಿಯದೆ ಅರ್ಧ ಭಾಗ ಸ್ಪೀಕರ್, ವೈರು, ಕೂಲಿಗೆ ಉಳಿಸಿಕೊಳ್ಳಿ.

ಇನ್ನು ನಿಜವಾದ ವಿಷಯಕ್ಕೆ ಬರೋಣ. ಎಷ್ಟು ದೊಡ್ಡ ಸ್ಪೀಕರ್?

ಕಬ್ಬಿನ ಹಂಗಾಮಿನಲ್ಲಿ ರಸ್ತೆ ಬದಿ ಮನೆ ಇರುವವರಿಗೆ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಕಾಣಿಸುವ ಮೊದಲೇ ಹಾಡು ಕೇಳಿಸುತ್ತೆ, ಕಿಟಕಿ ಗಾಜು ನಡುಗುತ್ತೆ. ಹುಡುಗರ ಖುಷಿ, ನಿದ್ದೆ ಬರಬಾರದಲ್ಲ ಅಂತಲೂ ಹೇಳ್ತಾರೆ. ಆದರೆ ಲೆಕ್ಕ ನೋಡಿ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಕೂತವನ ಕಿವಿಗೆ ಇಂಜಿನ್ ಸದ್ದೇ 90 ಡೆಸಿಬಲ್ ಆಸುಪಾಸು ಬೀಳುತ್ತೆ. ನಮ್ಮ ದೇಶದ ಕಾರ್ಖಾನೆ ನಿಯಮದ ಪ್ರಕಾರ ಕೆಲಸಗಾರ 90 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. 95 ಆದರೆ 4 ಗಂಟೆ, 100 ಆದರೆ 2 ಗಂಟೆ ಅಷ್ಟೇ. ಇಂಜಿನ್ನನ್ನು ಮೀರಿಸಿ ಹಾಡು ಕೇಳಬೇಕೆಂದರೆ 95 ದಾಟಲೇಬೇಕು. ಹೊಲದಲ್ಲಿ ಕೆಲಸ ನಾಲ್ಕು ಗಂಟೆಗೆ ಮುಗಿಯುತ್ತಾ? ಹೀಗೆ ಹೋದ ಕಿವಿ ತಿರುಗಿ ಬರುವುದಿಲ್ಲ. ನಲವತ್ತು ದಾಟುವುದರೊಳಗೆ ‘ಏನಂದಿ? ಏನಂದಿ?’ ಅಂತ ಕೇಳುವ ಅಣ್ಣಂದಿರನ್ನು ನೀವೂ ನೋಡಿರುತ್ತೀರಿ.

ಕಿವಿಗಿಂತ ದೊಡ್ಡ ಅಪಾಯ ಬೆನ್ನ ಹಿಂದಿದೆ. ರೋಟಾವೇಟರ್ ತಿರುಗುವಾಗ ಹುಲ್ಲು ಸಿಕ್ಕಿತೆಂದು ಬಗ್ಗುವವನು, ಟ್ರೇಲರ್ ಕೊಂಡಿಗೆ ಪಿನ್ ಹಾಕುವ ಹುಡುಗ, ಕಬ್ಬು ಹೇರುವ ಗ್ಯಾಂಗಿನ ಹೆಂಗಸರು, ಇವರಿಗೆಲ್ಲ ಇರುವ ರಕ್ಷಣೆ ಒಂದೇ, ‘ಹೋ, ನಿಲ್ಸೋ’ ಎಂಬ ಕೂಗು. ಅದು ಚಾಲಕನಿಗೆ ಕೇಳಿಸದಿದ್ದರೆ? ಹಿಂದಿನ ಬಸ್ಸಿನ ಹಾರನ್ ಕೇಳಿಸದಿದ್ದರೆ? ಸಾರ್ವಜನಿಕ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತೆ. ಅದಿರಲಿ, ನೀವು ದುಡ್ಡು ಕೊಟ್ಟ ಸ್ಪೀಕರೇ ಒಂದು ಮನೆಯ ದೀಪ ಆರಿಸಬಾರದಲ್ಲವೇ? ಅದಕ್ಕೇ ಹೇಳುವುದು, ದೊಡ್ಡ ಡಬ್ಬಿಯ ಸ್ಪೀಕರ್, ಆಂಪ್ಲಿಫೈಯರ್ ಕೇಳಿದರೆ ಖಡಾಖಂಡಿತವಾಗಿ ‘ಇಲ್ಲ’ ಅನ್ನಿ. ಕೊಡುವವರು ನೀವು, ಆ ಅಧಿಕಾರ ನಿಮಗಿದೆ.

ಇಯರ್‌ಫೋನ್ ಕೊಟ್ಟರೆ ಆಗದೇ ಅಂತ ಕೇಳಬೇಡಿ. ಅದು ಎರಡೂ ಕಿವಿ ಮುಚ್ಚಿಯೇ ಬಿಡುತ್ತೆ. ದಾರಿ ಸುಲಭವಿದೆ. ಎರಡು ಸಣ್ಣ ಸ್ಪೀಕರ್ ತಗೊಂಡು ಟಾಪಿನ ಒಳಗೆ, ತಲೆಯ ಹತ್ತಿರ, ಕಿವಿಗೆ ಮುಖ ಮಾಡಿ ಕೂರಿಸಿ. ಮಡ್‌ಗಾರ್ಡಿನಲ್ಲಿಟ್ಟ ದೊಡ್ಡದಕ್ಕಿಂತ ಹತ್ತಿರದ ಸಣ್ಣದು ಕಡಿಮೆ ಸದ್ದಿನಲ್ಲೇ ಕೇಳುತ್ತೆ.

ಜೋಡಿಸುವ ಕೆಲಸ ಗಾಡಿಗಳ ಎಲೆಕ್ಟ್ರಿಷಿಯನ್‌ಗೇ ಬಿಡಿ. ಹೊಸ ಟ್ರ್ಯಾಕ್ಟರ್ ಆದರೆ ವೈರು ಕತ್ತರಿಸುವ ಮೊದಲು ವಾರಂಟಿ ಬಗ್ಗೆ ಡೀಲರನ್ನು ಕೇಳಬೇಕು. ಆದರೂ ಪಕ್ಕದಲ್ಲಿ ನಿಂತು ಒಂದೆರಡು ವಿಷಯ ಗಮನಿಸಲು ಅಣ್ಣನಿಗೆ ಹೇಳಿ. ಸೆಟ್ಟಿನ ಹಿಂದೆ ಸಾಮಾನ್ಯವಾಗಿ ಹಳದಿ, ಕೆಂಪು, ಕಪ್ಪು ವೈರುಗಳಿರುತ್ತವೆ. ಹಳದಿ ನೇರ ಬ್ಯಾಟರಿಗೆ, ಕೆಂಪು ಕೀಲಿಯ ಮೂಲಕ, ಕಪ್ಪು ಟ್ರ್ಯಾಕ್ಟರಿನ ಕಬ್ಬಿಣಕ್ಕೆ. ಅವಸರದಲ್ಲಿ ಹಳದಿ-ಕೆಂಪು ಎರಡನ್ನೂ ಹೊಸೆದು ಬ್ಯಾಟರಿಗೆ ಕಟ್ಟಿಬಿಟ್ಟರೆ ಕೀಲಿ ತೆಗೆದರೂ ರೇಡಿಯೊ ಓಡುತ್ತೆ, ಮರೆತು ಮಲಗಿದರೆ ಬೆಳಿಗ್ಗೆ ಟ್ರ್ಯಾಕ್ಟರ್ ತಳ್ಳಬೇಕು. ಎರಡನ್ನೂ ಕೀಲಿಗೆ ಕಟ್ಟಿದರೆ ಪ್ರತಿ ಸಲ ಸ್ಟೇಷನ್ ಹುಡುಕಬೇಕು. ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ, ವೈರು ಸೈಲೆನ್ಸರಿನಿಂದ ದೂರ ಇರಲಿ, ತಗಡು ತೂರುವ ಕಡೆ ರಬ್ಬರ್ ಬಳೆ ಇರಲಿ. ಇಲ್ಲದಿದ್ದರೆ ಅದುರಿ ಅದುರಿ ವೈರು ಸವೆದು ಬೆಂಕಿ ಹೊತ್ತೀತು. ಇಂಜಿನ್ ಜೋರಾದಂತೆ ರೇಡಿಯೊದಲ್ಲಿ ‘ಕುಂಯ್’ ಸದ್ದು ಏರಿದರೆ ಸೆಟ್ ಕೆಟ್ಟಿದೆ ಅಂತ ತಿಳಿಯಬೇಡಿ, ಬಹುತೇಕ ಕಪ್ಪು ವೈರಿನ ಜೋಡಣೆ ಸಡಿಲ. ಬಣ್ಣ ಕೆರೆದು ಬಿಗಿಸಲಿ. ಎಫ್‌ಎಂಗೆ ಮುಕ್ಕಾಲು ಮೀಟರ್ ಏರಿಯಲ್ ನೆಟ್ಟಗೆ ನಿಂತರೆ ತಿಕೋಟಾ, ಬಬಲೇಶ್ವರದಂಥ ಹತ್ತಿರದ ಊರುಗಳಿಗೆ ಸಾಕು.

ಎಲ್ಲ ಮುಗಿದ ಮೇಲೆ ಕೂಲಿ ಕೊಡುವ ಮುಂಚೆ ಒಂದು ಪರೀಕ್ಷೆ. ಟ್ರ್ಯಾಕ್ಟರ್ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಇಂಜಿನ್ ಜೋರು ಮಾಡಿ, ಹಾಡು ಹಚ್ಚಿ, ಒಬ್ಬರು ಹಿಂದೆ ಟ್ರೇಲರಿನಷ್ಟು ದೂರ ನಿಂತು ಕೂಗಲಿ. ಕೂತವನಿಗೆ ಕೇಳಿಸುವವರೆಗೆ ಸದ್ದು ಇಳಿಸುತ್ತಾ ಬರಬೇಕು. ಆಗ ಪರದೆ ಮೇಲೆ ಯಾವ ನಂಬರ್ ಇದೆಯೋ ಅದನ್ನು ನೇಲ್ ಪಾಲಿಶಿನಲ್ಲಿ ಪೆಟ್ಟಿಗೆ ಮೇಲೆ ಬರೆದುಬಿಡಿ. ಕೆಲವು ಸೆಟ್‌ಗಳಲ್ಲಿ ಶುರುವಿನ ಸದ್ದು ಇಷ್ಟೇ ಅಂತ ನಿಗದಿ ಮಾಡುವ ಸೌಲಭ್ಯವೂ ಉಂಟು, ಕೇಳಿ ನೋಡಿ.

ಇದೆಲ್ಲ ಖಂಡೆ ಪೂಜೆಗೆ ಹತ್ತು ದಿನ ಮೊದಲೇ ಆಗಲಿ. ಹಬ್ಬದ ಹಿಂದಿನ ದಿನ ಎಲೆಕ್ಟ್ರಿಷಿಯನ್ ಮುಂದೆ ಗಾಡಿಗಳ ಸಾಲು ನಿಂತಿರುತ್ತೆ. ಹಬ್ಬ ಮುಗಿಯಿತೆಂದರೆ ಪಡದಲ್ಲಿ ಚಾಟ್ನಿ, ಹೊಲದಲ್ಲಿ ಕಬ್ಬಿನ ಕಟಾವು. ಆಮೇಲೆ ಅಣ್ಣ ಫೋನೂ ಎತ್ತುವುದಿಲ್ಲ.