ಇಬ್ಬರೂ ‘ಹೂಂ’ ಅಂದರೆ ಸಾಕಾ?

ಫೆಬ್ರವರಿ ಬಂತು ಅಂದ್ರೆ ನಮ್ಮ ಕಡೆ ಎರಡು ಥರದ ಪೋಸ್ಟರ್ ಬೀಳ್ತವೆ. ಒಂದು ಕಾಫಿ ಅಂಗಡಿಯವರದು, ಜೋಡಿಯಾಗಿ ಬಂದರೆ ಒಂದಕ್ಕೊಂದು ಫ್ರೀ ಅಂತ. ಇನ್ನೊಂದು ‘ಪ್ರೇಮಿಗಳ ದಿನ ನಮ್ಮ ಸಂಸ್ಕೃತಿಯಲ್ಲ, ಅದು ಕ್ರೈಸ್ತರ ಹಬ್ಬ’ ಅನ್ನುವವರದು. ಮೊದಲನೆಯದರ ಬಗ್ಗೆ ನಮ್ಮ ತಕರಾರಿಲ್ಲ. ಜೋಡಿ ಇಲ್ಲದವರ ಹೊಟ್ಟೆಯುರಿ ಬೇರೆ ವಿಷಯ. ಎರಡನೆಯದನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು.

ಕ್ಯಾಥೊಲಿಕ್ ಚರ್ಚ್ 1969ರಲ್ಲಿ ತನ್ನ ಹಬ್ಬಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಫೆಬ್ರವರಿ 14ರ ವ್ಯಾಲೆಂಟೈನ್ ಸ್ಮರಣೆಯನ್ನು ಸಾಮಾನ್ಯ ಪಂಚಾಂಗದಿಂದ ತೆಗೆದುಹಾಕಿತು. ಹುತಾತ್ಮರ ಪಟ್ಟಿಯಲ್ಲಿ ಅವನ ಹೆಸರು ಇನ್ನೂ ಇದೆ, ಆದರೆ ಆ ದಿನ ಚರ್ಚ್ ನೆನೆಯುವುದು ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರನ್ನು. ಸ್ಲಾವ್ ಜನರ ಭಾಷೆಗೆ ಲಿಪಿ ಕಟ್ಟಿಕೊಟ್ಟವರು ಅವರು. (ಕನ್ನಡ ಸಂಘದವರಾದ ನಾವು ನಿಜವಾಗಿ ಆಚರಿಸಬೇಕಾದ್ದು ಈ ಹಬ್ಬವನ್ನೇ!) ವ್ಯಾಲೆಂಟೈನ್ ದಿನಕ್ಕೂ ಪ್ರೇಮಕ್ಕೂ ಗಂಟು ಹಾಕಿದ್ದು ಬೈಬಲ್ ಅಲ್ಲ, 14ನೇ ಶತಮಾನದ ಚಾಸರ್‌ನಂಥ ಕವಿಗಳು.

ಹಾಗಾದರೆ ಗಂಡು ಹೆಣ್ಣಿನ ಪ್ರೀತಿ ಬಗ್ಗೆ ಕ್ರೈಸ್ತ ಧರ್ಮ ನಿಜವಾಗಿ ಏನು ಹೇಳುತ್ತೆ? ನಮ್ಮ ಬಳಗದಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಹುಡುಗನೊಬ್ಬ ಇದ್ದಾನೆ. ಮೆಸ್‌ನಲ್ಲಿ ಅವನನ್ನು ಹಿಡಿದು ಕೂರಿಸಿದೆವು. ‘ಪ್ರೀತಿ ಗೀತಿ ಎಲ್ಲ ಪಾಪ’ ಅನ್ನೋ ಉತ್ತರ ಬರುತ್ತೆ ಅಂದ್ಕೊಂಡಿದ್ದೆವು. ಅವನು ಹೇಳಿದ್ದು ಬೇರೆಯೇ. ಆಮೇಲೆ ನಾವೂ ಒಂದಿಷ್ಟು ಓದಿದೆವು. ಓದಿದಷ್ಟೂ ಇದು ಬರೀ ಕ್ರೈಸ್ತರ ವಿಷಯ ಅಲ್ಲ ಅನ್ನಿಸಿದ್ದರಿಂದ ಈ ಬರಹ.

ಮೊದಲಿಗೆ, ಪಾಪ ಅನ್ನುವ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಹಳೆಯ ಕ್ರೈಸ್ತ ಗುರುಗಳಲ್ಲಿ ಪ್ರೇಮವನ್ನು ಅನುಮಾನದಿಂದ ನೋಡಿದವರು ಬಹಳ ಮಂದಿ. ಕಟ್ಟಿಕೊಂಡ ಹೆಂಡತಿಯನ್ನೇ ಅತಿಯಾಗಿ ಮೋಹಿಸುವುದೂ ತಪ್ಪು ಎಂದು ವಾದಿಸಿದ ಸಂತ ಜೆರೋಮ್‌ನಂಥವರೂ ಇದ್ದರು. ಆದರೆ ಅದೇ ಬೈಬಲ್‌ನ ಒಳಗೆ ಪರಮಗೀತ ಅನ್ನುವ ಪುಸ್ತಕವಿದೆ. ಎಂಟು ಅಧ್ಯಾಯ, ಪೂರ್ತಿ ಪ್ರೇಮಕಾವ್ಯ. ಹೆಚ್ಚು ಮಾತಾಡುವವಳು ಹುಡುಗಿ. ರಾತ್ರಿ ಹೊತ್ತು ಊರ ಬೀದಿಯಲ್ಲಿ ಅವನನ್ನು ಹುಡುಕಿಕೊಂಡು ಅಲೆಯುವವಳೂ ಅವಳೇ. ಇದನ್ನು ಏನು ಮಾಡಬೇಕೆಂದು ತಿಳಿಯದ ಪಂಡಿತರು ‘ಇದು ದೇವರಿಗೂ ಆತ್ಮಕ್ಕೂ ಇರುವ ಪ್ರೇಮ’ ಎಂದು ಅರ್ಥ ಹೇಳಿದರು. 12ನೇ ಶತಮಾನದ ಬರ್ನಾರ್ಡ್ ಎಂಬ ಸನ್ಯಾಸಿ ಇದರ ಮೇಲೆ 86 ಪ್ರವಚನ ಮಾಡಿ ಮೂರನೇ ಅಧ್ಯಾಯದ ಆರಂಭಕ್ಕೆ ಬಂದು ನಿಂತ; ಅಷ್ಟರಲ್ಲಿ ತೀರಿಕೊಂಡ. ನಮ್ಮ ಮ್ಯಾಥ್ಸ್ ಮೇಷ್ಟ್ರ ಸಿಲೆಬಸ್ ಸ್ಪೀಡೇ ವಾಸಿ. ಶರಣ ಸತಿ, ಲಿಂಗ ಪತಿ ಅನ್ನುವ ಮಾತು ಕೇಳಿ ಬೆಳೆದ, ಅಕ್ಕಮಹಾದೇವಿಯನ್ನು ಓದಿದ ನಮಗೆ ಆ ಅರ್ಥ ವಿಚಿತ್ರ ಅನ್ನಿಸೋದಿಲ್ಲ. ಆದರೂ ಒಂದು ಮಾತು: ಗಂಡು ಹೆಣ್ಣಿನ ಪ್ರೀತಿ ಹೊಲಸು ಅನ್ನೋದಾಗಿದ್ದರೆ ದೇವರ ಪ್ರೀತಿಗೆ ಅದನ್ನೇ ಯಾಕೆ ಹೋಲಿಕೆ ಕೊಡಬೇಕಿತ್ತು? 2005ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ತಮ್ಮ ಮೊದಲ ವಿಶ್ವಪತ್ರದಲ್ಲಿ ಇದೇ ಪ್ರಶ್ನೆಗೆ ಕೈ ಹಾಕಿದರು. ಕ್ರೈಸ್ತ ಧರ್ಮ ಪ್ರಣಯಕ್ಕೆ ವಿಷ ಹಾಕಿತು ಅನ್ನುವ ನೀಚೆಯ ಆರೋಪವನ್ನು ಎತ್ತಿಕೊಂಡೇ, ಪ್ರಣಯವನ್ನು ಬಿಸಾಡಬೇಕಿಲ್ಲ, ಅದು ಮಾಗಬೇಕು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು.

ಇನ್ನು ಕ್ರೈಸ್ತ ಮದುವೆಗಳಲ್ಲಿ ತಪ್ಪದೆ ಕೇಳಿಬರುವ, ಪ್ರೀತಿ ತಾಳ್ಮೆಯುಳ್ಳದ್ದು ಎಂದು ಹೇಳುವ ಭಾಗ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ಅದು. ತಮಾಷೆ ಏನಂದ್ರೆ ಪೌಲ ಅದನ್ನು ಬರೆದದ್ದು ಪ್ರೇಮಿಗಳಿಗಲ್ಲ, ಗುಂಪು ಕಟ್ಟಿಕೊಂಡು ಜಗಳ ಆಡ್ತಿದ್ದ ಒಂದು ಸಭೆಗೆ. ಅಂದ್ರೆ ಅಲ್ಲಿ ಪ್ರೀತಿ ಅನ್ನೋದು ಎದೆಯ ಡವಡವ ಅಲ್ಲ. ಆಗದವರ ಜೊತೆ ದಿನಾ ಹೇಗೆ ನಡೆದುಕೊಳ್ತೀಯ ಅನ್ನೋದು. ರೂಮ್‌ಮೇಟ್ ಇರುವವರಿಗೆ ಇದು ಬೇಗ ಅರ್ಥ ಆಗುತ್ತೆ.

ಆದರೆ ನಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಕ್ಯಾಥೊಲಿಕ್ ನಿಯಮದ ಪ್ರಕಾರ ಮದುವೆ ಮಾಡುವವರು ಯಾರು ಗೊತ್ತಾ? ಪಾದ್ರಿ ಅಲ್ಲ, ಅಪ್ಪ ಅಮ್ಮ ಅಲ್ಲ. ಹುಡುಗ, ಹುಡುಗಿ ಇಬ್ಬರೇ. ಅವರು ಪರಸ್ಪರ ಕೊಡುವ ಒಪ್ಪಿಗೆಯೇ ಮದುವೆ. ಆ ಒಪ್ಪಿಗೆಯನ್ನು ಅವರ ಬದಲಿಗೆ ಬೇರೆ ಯಾರೂ ತುಂಬಿಕೊಡುವ ಹಾಗಿಲ್ಲ. ಹೆದರಿಸಿ ಹೇಳಿಸಿದ್ದರೆ ಆ ಮದುವೆ ಊರ್ಜಿತವೇ ಅಲ್ಲ. ಪಾದ್ರಿಯದು ಚರ್ಚ್ ಪರವಾಗಿ ಆ ಒಪ್ಪಿಗೆಯನ್ನು ಕೇಳಿ ಪಡೆಯುವ ಕೆಲಸ ಮಾತ್ರ. ಇದನ್ನು ಗಟ್ಟಿಯಾಗಿ ನೆಲೆಗೊಳಿಸಿದವನು 1159ರಿಂದ 1181ರವರೆಗೆ ಪೋಪ್ ಆಗಿದ್ದ ಮೂರನೇ ಅಲೆಕ್ಸಾಂಡರ್.

ಆ ಇಸವಿಗಳನ್ನು ಇನ್ನೊಂದು ಸಲ ನೋಡಿ. ಅದೇ 12ನೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತು. ಅಲ್ಲಿ ಇಬ್ಬರು ಅಪ್ಪಂದಿರೂ ಒಪ್ಪಿದ್ದರು. ಒಪ್ಪದೇ ಇದ್ದದ್ದು ಊರು ಮತ್ತು ಅರಮನೆ. ಅಪ್ಪಂದಿರಿಗೆ ಎಳೆಹೂಟೆ ಶಿಕ್ಷೆಯಾಯಿತು ಅನ್ನುವ ಕಥೆ ನಾವು ಶಾಲೆಯಿಂದ ಕೇಳಿದ್ದೇ. ಒಂದೇ ಕಾಲ, ಎರಡು ದಿಕ್ಕು, ಪ್ರಶ್ನೆ ಮಾತ್ರ ಒಂದೇ: ಇಬ್ಬರ ಮದುವೆಗೆ ಎಷ್ಟು ಜನರ ಒಪ್ಪಿಗೆ ಬೇಕು?

ಯುರೋಪಿನ ಅಪ್ಪಂದಿರೂ ಸುಮ್ಮನೆ ಕೂರಲಿಲ್ಲ. ಫ್ರಾನ್ಸಿನಲ್ಲಿ 1556ರಲ್ಲಿ ರಾಜ ಎರಡನೇ ಹೆನ್ರಿ, ಹೆತ್ತವರ ಒಪ್ಪಿಗೆಯಿಲ್ಲದೆ ಮದುವೆಯಾದ 30 ದಾಟದ ಗಂಡುಮಕ್ಕಳಿಗೆ, 25 ದಾಟದ ಹೆಣ್ಣುಮಕ್ಕಳಿಗೆ ಆಸ್ತಿ ತಪ್ಪಿಸಬಹುದು ಎಂದು ಶಾಸನ ಮಾಡಿದ. ಟ್ರೆಂಟ್ ನಗರದ ಮಹಾಸಭೆಯಲ್ಲಿ ಫ್ರಾನ್ಸಿನವರು, ಹೆತ್ತವರು ಒಪ್ಪದ ಮದುವೆ ಮದುವೆಯೇ ಅಲ್ಲ ಅಂತ ಘೋಷಿಸಿ ಎಂದು ಒತ್ತಾಯ ಮಾಡಿದರು. 1563ರಲ್ಲಿ ಸಭೆ ತೀರ್ಮಾನ ಕೊಟ್ಟಿತು: ಕದ್ದುಮುಚ್ಚಿ ಆಗುವ ಹಾಗಿಲ್ಲ, ಪಾದ್ರಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಎದುರೇ ಆಗಬೇಕು. ಹೆತ್ತವರ ಒಪ್ಪಿಗೆ ಕಡ್ಡಾಯವಾ? ಅದನ್ನು ಮಾತ್ರ ಸಭೆ ಒಪ್ಪಲಿಲ್ಲ. ಮದುವೆಯಾಗದ ಬಿಷಪ್ಪುಗಳ ಸಭೆಯೊಂದು ಅಪ್ಪಂದಿರ ವಿರುದ್ಧ ಪ್ರೇಮಿಗಳ ಪಕ್ಷ ಹಿಡಿದದ್ದು ನಮಗಂತೂ ಖುಷಿ ಕೊಟ್ಟಿತು.

ಕದ್ದುಮುಚ್ಚಿ ಬೇಡ ಅಂದದ್ದಕ್ಕೂ ಕಾರಣವಿದೆ. ಇಬ್ಬರೇ ಕೂತು ‘ನಾನು ನಿನ್ನವನು’ ಅಂದುಕೊಂಡರೆ ಸಾಕು ಅಂತಿದ್ದಾಗ, ನಾಳೆ ಅವನು ‘ನಾನು ಹಾಗೆ ಹೇಳಲೇ ಇಲ್ಲ’ ಅಂದರೆ ಹುಡುಗಿ ಯಾರ ಹತ್ತಿರ ಹೋಗಬೇಕು? ಅದಕ್ಕೇ 1215ರ ಲ್ಯಾಟರನ್ ಸಭೆ, ಮದುವೆಗೆ ಮುಂಚೆ ಚರ್ಚ್‌ನಲ್ಲಿ ಹೆಸರು ಓದಿ ಸಾರಬೇಕು ಎಂದು ಎಲ್ಲ ಕಡೆಗೂ ಕಡ್ಡಾಯ ಮಾಡಿತ್ತು. ಅವನಿಗೆ ಬೇರೆ ಊರಲ್ಲಿ ಹೆಂಡತಿ ಇದ್ದರೆ ಗೊತ್ತಿದ್ದವರು ಎದ್ದು ಹೇಳಲಿ ಅಂತ. ಇವತ್ತಿಗೂ ನಮ್ಮ ಗೆಳೆಯನ ಊರಿನ ಚರ್ಚ್‌ನಲ್ಲಿ ಭಾನುವಾರದ ಪೂಜೆಯಲ್ಲಿ ಹೆಸರು ಓದುತ್ತಾರೆ. ಬಹಿರಂಗ ಅನ್ನೋದು ಅಲ್ಲಿ ದುರ್ಬಲರಿಗೆ ರಕ್ಷಣೆ.

ಈಗ ನಮ್ಮ ದೇಶದ 1954ರ ವಿಶೇಷ ವಿವಾಹ ಕಾಯ್ದೆಗೆ ಬನ್ನಿ. ಬೇರೆ ಬೇರೆ ಧರ್ಮದ ಇಬ್ಬರು ಯಾರೂ ಧರ್ಮ ಬದಲಿಸದೆ ಮದುವೆಯಾಗಲು ಇರುವ ಮುಖ್ಯ ದಾರಿ ಅದು. ಅದರಲ್ಲೂ 30 ದಿನದ ನೋಟಿಸ್ ಇದೆ. ಕಚೇರಿಯ ಗೋಡೆಗೆ ಅಂಟಿಸಬೇಕು. ಅರ್ಜಿದಾರರ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಆ ಜಿಲ್ಲೆಯ ಕಚೇರಿಗೂ ಪ್ರತಿ ಹೋಗುತ್ತೆ, ಅಲ್ಲೂ ಅಂಟಿಸ್ತಾರೆ. ಆಕ್ಷೇಪಣೆಗೆ ಕಾಯ್ದೆ ಒಪ್ಪುವ ಕಾರಣಗಳು ಕೆಲವೇ: ವಯಸ್ಸು, ಬದುಕಿರುವ ಗಂಡ ಅಥವಾ ಹೆಂಡತಿ, ಮಾನಸಿಕ ಅಸಾಮರ್ಥ್ಯ, ಹತ್ತಿರದ ರಕ್ತಸಂಬಂಧ. ‘ನಮಗೆ ಇಷ್ಟ ಇಲ್ಲ’ ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. ಆದರೂ ಆಗುವುದೇನು? ನಮ್ಮ ಸೀನಿಯರ್ ಜೋಡಿಯೊಂದರ ನೋಟಿಸ್ ಗೋಡೆ ಮೇಲೆ ಬಿದ್ದ ಮೂರನೇ ದಿನಕ್ಕೆ ಅದರ ಫೋಟೋ ಅವರೂರಿನ ವಾಟ್ಸಾಪ್ ಗುಂಪುಗಳಲ್ಲಿತ್ತು, ವಿಳಾಸ ಸಮೇತ. ಅಕ್ಕ ಆಮೇಲೆ ಎರಡು ತಿಂಗಳು ಊರಿಗೆ ಹೋಗಲಿಲ್ಲ, ಫೋನ್ ನಂಬರ್ ಬದಲಿಸಿದರು. ಹುಡುಗಿಯನ್ನು ಕಾಯಲಿಕ್ಕೆ ಅಂತ ಹುಟ್ಟಿದ ಪದ್ಧತಿ ಇಲ್ಲಿ ಹುಡುಗಿಯ ವಿಳಾಸವನ್ನು ಹಂಚುತ್ತಿದೆ. ನೋಟಿಸ್ ಪ್ರಕಟಣೆ ಕಡ್ಡಾಯವಲ್ಲ, ಜೋಡಿ ಬಯಸಿದರೆ ಮಾತ್ರ ಎಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಅದೇ ಸರಿ ಅನ್ನೋದು ನಮ್ಮ ಅಭಿಪ್ರಾಯ. ಮೊದಲೇ ಮದುವೆಯಾಗಿದೆಯಾ ಅಂತ ಪತ್ತೆ ಹಚ್ಚೋಕೆ ದಾಖಲೆಗಳಿವೆ, ಗೋಡೆ ಬೇಕಿಲ್ಲ.

ಹಾಗಂತ ಚರ್ಚ್‌ನ ಒಳಗೆ ಎಲ್ಲ ಚೆನ್ನಾಗಿದೆ ಅಂತ ಬರೆದರೆ ನಮ್ಮ ಗೆಳೆಯನೇ ನಗ್ತಾನೆ. ಪುಸ್ತಕದಲ್ಲಿ ಇಬ್ಬರ ಒಪ್ಪಿಗೆ ಸಾಕು. ಮನೆಯಲ್ಲಿ ಮಾತ್ರ ‘ಅವರು ಬಾಮಣರಾ, ಚಾರೊಡಿಗಳಾ’ ಅನ್ನುವ ಪ್ರಶ್ನೆ. ಮತಾಂತರವಾಗಿ ತಲೆಮಾರುಗಳೇ ಕಳೆದರೂ ಜಾತಿ ಜೊತೆಗೇ ಬಂದಿದೆ, ದೇವರು ಬದಲಾದರೂ ಬೀಗರು ಬದಲಾಗಲಿಲ್ಲ. ಇದು ಬರೀ ಗೊಣಗಾಟದ ವಿಷಯವಾಗಿದ್ದರೆ ಬಿಡಬಹುದಿತ್ತು. 2018ರ ಮೇ ತಿಂಗಳಲ್ಲಿ ಕೇರಳದ ಕೋಟ್ಟಯಂನಲ್ಲಿ ಒಬ್ಬ ದಲಿತ ಕ್ರೈಸ್ತ ಹುಡುಗನನ್ನು ಅಪಹರಿಸಿದರು, ಮರುದಿನ ಹೊಳೆಯಲ್ಲಿ ಅವನ ಹೆಣ ಸಿಕ್ಕಿತು. ಅವನು ಮದುವೆಯಾಗಲು ಹೊರಟಿದ್ದ ಹುಡುಗಿಯ ತಂದೆಯೂ ಕ್ರೈಸ್ತರೇ. 2019ರಲ್ಲಿ ನ್ಯಾಯಾಲಯ ಇದನ್ನು ಮರ್ಯಾದೆಗೇಡು ಹತ್ಯೆ ಎಂದು ಕರೆದು, ಹುಡುಗಿಯ ಅಣ್ಣ ಸೇರಿ 10 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇಬ್ಬರೂ ‘ಹೂಂ’ ಅಂದಿದ್ದರು. ಅವರ ಧರ್ಮದ ಪ್ರಕಾರ ಬೇಕಾದದ್ದು ಅಷ್ಟೇ.

‘ಹೂಂ’ ಅಂದವರಿಗೆ ಆಮೇಲೆ ‘ಉಹೂಂ’ ಅನ್ನುವ ಹಕ್ಕಿದೆಯಾ ಅನ್ನುವಲ್ಲಿ ನಮಗೂ ಗೆಳೆಯನಿಗೂ ಜಗಳವೇ ಆಯಿತು. ಕ್ಯಾಥೊಲಿಕ್ ಚರ್ಚ್ ವಿಚ್ಛೇದನವನ್ನು ಒಪ್ಪುವುದಿಲ್ಲ. ಹೊಡೆಯುವ ಗಂಡನಿಂದ ಬೇರೆ ಇರಬಹುದು, ಮರುಮದುವೆ ಇಲ್ಲ. ಮದುವೆ ಮೊದಲಿನಿಂದಲೂ ಊರ್ಜಿತವೇ ಆಗಿರಲಿಲ್ಲ ಎಂದು ಚರ್ಚ್ ನ್ಯಾಯಪೀಠ ಹೇಳಿದರೆ ಮಾತ್ರ ಬಿಡುಗಡೆ. ದೇಶದ ಕಾನೂನಂತೂ ಇನ್ನೂ ವಿಚಿತ್ರವಾಗಿತ್ತು: 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಕಾರಣ ಸಾಕಿತ್ತು; ಹೆಂಡತಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ಕೂಡ ಸಾಬೀತು ಮಾಡಬೇಕಿತ್ತು. ಅದು ತಿದ್ದುಪಡಿಯಾದದ್ದು 2001ರಲ್ಲಿ. ನಮ್ಮಲ್ಲಿ ಕೆಲವರು ಹುಟ್ಟಿದ ಹೊತ್ತಿಗೆ! ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅನ್ನುವುದು ಪ್ರೀತಿಯ ದೊಡ್ಡ ಭಾಗ, ಒಪ್ಪುತ್ತೇವೆ. ಆದರೆ ಮುಕ್ತವಾಗಿ ಕೊಟ್ಟದ್ದಕ್ಕೇ ಬೆಲೆ ಅನ್ನುವವರು, ಹೊಡೆತ ತಿನ್ನುತ್ತಿರುವವಳ ಬಾಯಲ್ಲಿ ಹಳೆಯ ‘ಹೂಂ’ ಅನ್ನು ಕೂಡಿಹಾಕುವುದು ನಮಗೆ ಅರ್ಥವಾಗುವುದಿಲ್ಲ. ಗೆಳೆಯ ಇದಕ್ಕೆ ಏನೋ ಉತ್ತರ ಹೇಳಿದ. ನಾವು ಒಪ್ಪಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದ್ದವರಿಗಾಗಿ: ಕ್ಯಾಥೊಲಿಕ್ ಹುಡುಗಿಯನ್ನು ಚರ್ಚ್‌ನಲ್ಲಿ ಮದುವೆಯಾಗಲು ಬೇರೆ ಧರ್ಮದ ಹುಡುಗ ಮತಾಂತರ ಆಗಲೇಬೇಕು ಅಂತೇನಿಲ್ಲ. ಬಿಷಪ್‌ರ ವಿಶೇಷ ಅನುಮತಿ ಬೇಕು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದದ್ದು ಮಾಡ್ತೀನಿ ಅಂತ ಹುಡುಗಿ ಮಾತು ಕೊಡಬೇಕು, ಹುಡುಗನಿಗೆ ಅದು ತಿಳಿದಿರಬೇಕು. ಮಕ್ಕಳ ಬಗ್ಗೆ ಒಬ್ಬರಿಂದ ಮಾತ್ರ ಮಾತು ತೆಗೆದುಕೊಳ್ಳುವುದು ಸರಿಯಾ ಅನ್ನೋದು ಬೇರೆ ಚರ್ಚೆ, ಅದಕ್ಕೊಂದು ಮೆಸ್ ಊಟ ಸಾಲದು.

ಕೊನೆಗೆ ಒಂದು ಸಣ್ಣ ವಿಷಯ. ಸಿನಿಮಾದಲ್ಲಿ ಚರ್ಚ್ ಮದುವೆ ಅಂದ್ರೆ ಅಪ್ಪ ಮಗಳ ಕೈ ಹಿಡಿದು ನಡೆಸಿಕೊಂಡು ಬಂದು ಹುಡುಗನಿಗೆ ಒಪ್ಪಿಸುವ ದೃಶ್ಯ ಇದ್ದೇ ಇರುತ್ತೆ. ರೋಮನ್ ವಿಧಿಯಲ್ಲಿ ‘ಈ ಹೆಣ್ಣನ್ನು ಯಾರು ಕೊಡ್ತೀರಿ’ ಅನ್ನುವ ಪ್ರಶ್ನೆಯೇ ಇಲ್ಲ. ಪಾದ್ರಿಯ ಹಿಂದೆ ಹುಡುಗ, ಹುಡುಗಿ ಇಬ್ಬರೂ ಜೊತೆಯಾಗಿ ನಡೆದು ಬರಬಹುದು. ನೀವು ನಿಮ್ಮ ಸ್ವಂತ ಇಚ್ಛೆಯಿಂದ ಬಂದಿದ್ದೀರಾ ಎಂದು ಮೊದಲು ಕೇಳುವುದು ಅವರಿಬ್ಬರನ್ನೇ. ನಮ್ಮ ಗೆಳೆಯನ ಅಕ್ಕನ ಮದುವೆ ಮೇ ತಿಂಗಳಲ್ಲಿದೆ, ಸಂಘದವರಿಗೆಲ್ಲ ಕರೆ ಬಂದಿದೆ. ಅಕ್ಕ, ಭಾವ ಇಬ್ಬರೂ ಒಟ್ಟಿಗೇ ನಡೆದು ಬರಬೇಕು ಅಂದ್ಕೊಂಡಿದ್ದಾರೆ. ಅಪ್ಪ ಒಪ್ಪಿದ್ದಾರಂತೆ, ಫಾದರೂ ಒಪ್ಪಿದ್ದಾರೆ. ಫೋಟೋಗ್ರಾಫರ್ ಮಾತ್ರ ಇನ್ನೂ ಒಪ್ಪಿಲ್ಲ.